ತೆಂಗಿನೆಣ್ಣೆ ಹಚ್ಚಿದ ಡಂಬೆಲ್

ಕಳೆದ ಮಳೆಗಾಲದ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಮಂಕಿ ಊರಿನ ಮನೆಯೊಂದರ ಜಗಲಿಯಲ್ಲಿ ನನ್ನ ಕಣ್ಣೆದುರೇ ಕಬ್ಬಿಣದ ಬಿಲ್ಲೆಯೊಂದು ಮಲಗಿದ್ದವರ ಕಿವಿಯ ಪಕ್ಕಕ್ಕೆ ಬಿತ್ತು. ಟೈಲ್ಸ್ ಬಿರುಕುಬಿಟ್ಟ ಆ ಸದ್ದು ಈಗಲೂ ಆಗಾಗ ಕೇಳಿಸುತ್ತದೆ.

ನಾನು ಹೊನ್ನಾವರದಲ್ಲಿ ಫಿಸಿಯೋಥೆರಪಿಸ್ಟ್. ಬೆಳಗಿನ ಹೊತ್ತು ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಆ ಮನೆಯ ನಾಗೇಶಣ್ಣ ಭಟ್ಕಳದವರೆಗೆ ಪ್ಯಾಸೆಂಜರ್ ಟೆಂಪೊ ಓಡಿಸುವವರು. ಅಂಗಳದ ಪಾಚಿಯಲ್ಲಿ ಜಾರಿ ಬಲಭುಜ ಮುರಿದುಕೊಂಡಿದ್ದರು. ಮೂಳೆ ಕೂಡಿತ್ತು, ಬಲ ಬಂದಿರಲಿಲ್ಲ. ಟೆಂಪೊ ಮಾಲೀಕರು ಗಣೇಶ ಚೌತಿಯವರೆಗೆ ಬದಲಿ ಚಾಲಕನನ್ನು ಇಟ್ಟುಕೊಂಡಿದ್ದರು. ಅಷ್ಟರೊಳಗೆ ಸ್ಟೇರಿಂಗ್ ಹಿಡಿಯಲಾಗದಿದ್ದರೆ ಆ ಸೀಟು ಬದಲಿಯವನದೇ.

ತೂಕ ಬದಲಿಸಬಹುದಾದ ಡಂಬೆಲ್ ತರಿಸೋಣ ಎಂದಾಗ ಎರಡು ಬಗೆ ನೋಡಿದೆವು. ಒಂದರಲ್ಲಿ ಡಯಲ್ ತಿರುಗಿಸಿದರೆ ಬೇಕಾದ ತೂಕ ತಾನಾಗಿ ಸಿಕ್ಕಿಕೊಳ್ಳುತ್ತದೆ. ಆದರೆ ಅದರ ಅತಿ ಕಡಿಮೆ ತೂಕವೂ ಆಗಿನ ಅವರ ಭುಜಕ್ಕೆ ಹೆಚ್ಚು. ಇನ್ನೊಂದು ಹಳೆಯ ಬಗೆ: ಸರಳಿಗೆ ಬಿಲ್ಲೆ ಪೋಣಿಸಿ, ತುದಿಯ ತಿರುಪಿನ ಗೆರೆಗಳಿಗೆ, ಅಂದರೆ ಮರೆಗೆ, ನಟ್ ಬಿಗಿಯುವುದು. ಸ್ವಲ್ಪಸ್ವಲ್ಪವೇ ತೂಕ ಏರಿಸಬಹುದೆಂದು ಅದನ್ನೇ ಆರಿಸಿದೆವು.

ಆ ಸೋಮವಾರ ಅವರು ಚಾಪೆಯ ಮೇಲೆ ಅಂಗಾತ ಮಲಗಿ, ಡಂಬೆಲನ್ನು ನೆಟ್ಟಗೆ ಹಿಡಿದು, ಕೈಯನ್ನು ತಲೆಯ ಕಡೆಗೆ ಒಯ್ಯುತ್ತಿದ್ದರು. ಕೆಳಗಿನ ನಟ್ ಕಳಚಿತು. ಹಿಂದೆಯೇ ಬಿಲ್ಲೆ. ಸರಳನ್ನು ಅವರ ಕೈಯಿಂದ ಕಿತ್ತುಕೊಂಡಿದ್ದಷ್ಟೇ ನನಗೆ ಗೊತ್ತು. ಅಡುಗೆಮನೆಯಿಂದ ಓಡಿಬಂದ ಹೆಂಡತಿ ಸಾವಿತ್ರಕ್ಕ ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟರು.

ನಟ್ ಎತ್ತಿಕೊಂಡೆ. ಬೆರಳಿನಲ್ಲಿ ಜಾರಿತು. ಮೂಸಿದೆ.

"ಅಕ್ಕ, ಇದಕ್ಕೆ ಎಣ್ಣೆ ಹಚ್ಚಿದ್ರಾ?"

"ಹೌದು ಮೇಡಂ. ತುಕ್ಕು ಹಿಡೀತದೆ ಹೇಳಿ ನಿನ್ನೆ ಎಲ್ಲಾ ಬದಿಗೂ ಹಚ್ಚಿ ಒರೆಸಿಟ್ಟಿದ್ದೆ. ಎಂತ ಆತು?"

ಸಮುದ್ರದ ಗಾಳಿ ಬೀಸುವ ಮನೆ. ಮಳೆಗಾಲ ಬಂತೆಂದರೆ ಕತ್ತಿ, ಚಿಲಕ, ಹೊಲಿಗೆ ಯಂತ್ರ, ಎಲ್ಲಕ್ಕೂ ಅಲ್ಲಿ ತೆಂಗಿನೆಣ್ಣೆ ಸವರುತ್ತಾರೆ. ಆದರೆ ನಟ್ ನಿಲ್ಲುವುದೇ ಘರ್ಷಣೆಯ ಬಲದಿಂದ. ಮರೆಗೆ ಎಣ್ಣೆ ತಾಗಿದರೆ ಪ್ರತಿ ಸಲ ಎತ್ತಿದಾಗಲೂ ಅದು ಚೂರುಚೂರೇ ಸಡಿಲವಾಗುತ್ತದೆ. ನಾನು ಹೇಳುತ್ತಿದ್ದ ಹಾಗೆ ಸಾವಿತ್ರಕ್ಕನ ಮುಖ ಬಿಳಿಚಿಕೊಂಡಿತು.

ನಾಗೇಶಣ್ಣ ಎದ್ದು ಕೂತರು. "ನನ್ನ ತಲೆಗೆ ಎಣ್ಣೆ ಹಾಕು ಅಂದ್ರೆ ಇವಳಿಗೆ ಪುರ್ಸೊತ್ತಿಲ್ಲ ಮೇಡಂ. ಡಂಬೆಲಿಗೆ ಮಾತ್ರ ಅಭ್ಯಂಜನ."

ಸಾವಿತ್ರಕ್ಕ ನಗಲಿಲ್ಲ. "ಇದು ನಮಗೆ ಬೇಡ. ಟೆಂಪೊ ಹೋದ್ರೆ ಹೋಗ್ಲಿ."

ಮರುದಿನ ಹೋದಾಗ ಗೊತ್ತಾಯಿತು, ತಮಾಷೆ ಮಾಡಿದವರ ಕೈಯೂ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ನೋವಿಲ್ಲ, ಹೆದರಿಕೆ. ಸಾವಿತ್ರಕ್ಕ ರಾತ್ರಿಯೆಲ್ಲ ಎದ್ದೆದ್ದು ಗಂಡನ ತಲೆ ಮುಟ್ಟಿ ನೋಡುತ್ತಿದ್ದರಂತೆ. ನನಗೂ ಕಣ್ಣು ಮುಚ್ಚಿದರೆ ಅದೇ ಬಿಲ್ಲೆ. ಡಯಲಿನದನ್ನೇ ತರಿಸಿಬಿಡೋಣವೇ ಅನ್ನಿಸಿತು. ಆದರೆ ಅದರಲ್ಲಿ ಬಿಲ್ಲೆ ಹಿಡಿಯುವ ಕೊಂಡಿ ಒಳಗೆ ಅಡಗಿರುತ್ತದೆ. ಉಪ್ಪುಗಾಳಿಗೆ ಏನಾಗಿದೆ ಎಂದು ನೋಡಲಾಗದು. ನಟ್ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಸೋಪಿನ ನೀರಲ್ಲಿ ಮರೆ ತೊಳೆದು ಒಣಗಿಸಿದೆ. ನಟ್‌ನ ಒಳಗಿನ ರಬ್ಬರ್ ಬಳೆ ಹೊಸದು ಹಾಕಿ, ಹೊರಗಿನಿಂದ ಸ್ಪ್ರಿಂಗ್ ಕ್ಲಿಪ್ ಸಿಕ್ಕಿಸಿದೆ. ಆಮೇಲೆ ಡಂಬೆಲನ್ನು ಸಾವಿತ್ರಕ್ಕನ ಕೈಗೇ ಕೊಟ್ಟೆ.

"ನೀವು ಬಿಗಿದು, ನೆಲದ ಹತ್ತಿರವೇ ಅಲುಗಾಡಿಸಿ ನೋಡಿ. ನೀವು ಹೇಳದೆ ಅಣ್ಣ ಎತ್ತೋದಿಲ್ಲ."

ಅವರು ಬಿಗಿದರು, ಅಲುಗಾಡಿಸಿದರು, ಮತ್ತೆ ಬಿಗಿದರು.

"ಏ, ಚೌತಿ ಮುಗೀತದೆ," ಎಂದರು ನಾಗೇಶಣ್ಣ.

"ಸುಮ್ನಿರಿ. ...ಆತು, ಎತ್ತಿ."

ಮೊದಮೊದಲು ಎದೆಯವರೆಗೆ, ಕೂತೇ. ಬರಬರುತ್ತಾ ಭುಜದ ಮೇಲಕ್ಕೆ. ಸಾವಿತ್ರಕ್ಕ "ಆತು" ಎನ್ನದೆ ಒಂದು ದಿನವೂ ವ್ಯಾಯಾಮ ಶುರುವಾಗಲಿಲ್ಲ.

ಈಗ ಯಾರಾದರೂ ಯಾವ ಡಂಬೆಲ್ ಕೊಳ್ಳಲಿ ಎಂದು ಕೇಳಿದರೆ, ಅದನ್ನು ಎಲ್ಲಿಡುತ್ತೀರಿ, ಯಾರು ಒರೆಸುತ್ತಾರೆ ಎಂದು ಮೊದಲು ಕೇಳುತ್ತೇನೆ. ಎತ್ತುವವರಿಗೆ ಕಲಿಸಿದಷ್ಟೇ ಒರೆಸುವವರಿಗೂ ಕಲಿಸಬೇಕೆಂದು ಆ ಮನೆ ನನಗೆ ಕಲಿಸಿತು.

ಚೌತಿಗೆ ಮುಂಚಿನ ವಾರ ನಾಗೇಶಣ್ಣ ಟೆಂಪೊ ಹತ್ತಿದರು. ಮರುದಿನ ಬೆಳಿಗ್ಗೆ ಸಾವಿತ್ರಕ್ಕನ ಫೋನು.

"ಮೇಡಂ, ಇವರು ಭಟ್ಕಳಕ್ಕೆ ಹೋಗಿ ಬಂದು ಉಂಡು ಮಲಗಿದ್ರು. ತಲೆ ಮುಟ್ಟಿ ನೋಡೂಕೆ ನಂಗೆ ಎಚ್ಚರವೇ ಆಗ್ಲಿಲ್ಲ."

ಅಂದು ರಾತ್ರಿ ನಾನೂ ಬೆಳಗಿನವರೆಗೆ ನಿದ್ದೆ ಮಾಡಿದೆ.