ಹೆರಿಗೆ ಎಲ್ಲಿ ಅಂತ ಮೊದಲೇ ಹೇಳಬೇಕಿತ್ತು

ಎಪ್ಪತ್ತರ ದಶಕದಲ್ಲಿ ನಾನು ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಕೆ.ಆರ್. ನಗರದ ಹತ್ತಿರ, ಮಿರ್ಲೆಯಿಂದ ಆಚೆ ಇರುವ ಒಂದು ಹಳ್ಳಿಯ ಹುಡುಗಿ ಅಲ್ಲಿಗೆ ಹೇಗೆ ಹೋದೆ ಎಂದು ಈಗಲೂ ಕೇಳುವವರಿದ್ದಾರೆ. ಮೈಸೂರಿಗೆ ಬಸ್ಸಿನಲ್ಲಿ, ಬೊಂಬಾಯಿಗೆ ರೈಲಿನಲ್ಲಿ, ಅಲ್ಲಿಂದ ವಿಮಾನದಲ್ಲಿ ಎನ್ನುತ್ತೇನೆ. ಕೇಳಿದವರ ಮುಖ ಸಣ್ಣದಾಗುತ್ತದೆ. ಇನ್ನೇನು ಹೇಳಲಿ? ಮೈಸೂರಿನಲ್ಲಿ ನರ್ಸಿಂಗ್ ಕಲಿತೆ, ಅವರಿಗೆ ನರ್ಸುಗಳು ಬೇಕಾಗಿದ್ದರು, ಕರೆದರು, ಹೋದೆ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಹೇಳಬೇಕಾದದ್ದು ಅಲ್ಲಿ ನಾನು ಆರಿಸಿಕೊಂಡ ಒಂದು ವಿಮೆಯ ವಿಷಯ. ಅದರಿಂದ ನನಗೂ ನಮ್ಮವ್ವನಿಗೂ ಮಾತು ಹೆಚ್ಚುಕಮ್ಮಿ ನಿಂತೇಹೋಗಿತ್ತು.

ಮದುವೆಯಾದ ಮೇಲೆ ನಮ್ಮನೆಯವರೂ ಅಲ್ಲಿಗೆ ಬಂದರು. ಅವರು ಪಿರಿಯಾಪಟ್ಟಣದ ಕಡೆಯವರು, ಲೇತ್ ಕೆಲಸ ಕಲಿತವರು. ಅಲ್ಲೇ ಒಂದು ಕಾರ್ಖಾನೆಗೆ ಸೇರಿಕೊಂಡರು. ಅಲ್ಲಿಯವರೆಗೆ ನನಗೆ ಪರದೇಶದಿಂದ ಬಂದ ನೌಕರರಿಗೆಂದೇ ಇರುವ ಒಂದು ವಿಮೆ ಇತ್ತು. ರಜೆಗೆ ಊರಿಗೆ ಹೋಗಿ ಅಲ್ಲಿ ಕಾಯಿಲೆ ಬಿದ್ದರೂ ಅವರು ಖರ್ಚು ಕೊಡುತ್ತಿದ್ದರು. ಆದರೆ ಹೆರಿಗೆಗೂ ಅದಕ್ಕೂ ಸಂಬಂಧವಿರಲಿಲ್ಲ. ಇನ್ನೊಂದು, ನಾವಿದ್ದ ಆ ಸಣ್ಣ ಊರಿನವರದೇ ವಿಮಾ ಸಂಘ. ನಮಗೆ ಹಾಲು ಹಾಕುವವನು, ಚರ್ಚಿನ ಗಂಟೆ ಹೊಡೆಯುವವನು, ನಮ್ಮ ವಾರ್ಡಿನ ಡಾಕ್ಟರು, ಎಲ್ಲರೂ ಅದರಲ್ಲೇ. ಹೆರಿಗೆಯ ಪೂರ್ತಿ ಖರ್ಚು ಆ ಸಂಘದ್ದು, ಆದರೆ ಹೆರಿಗೆ ಆ ದೇಶದಲ್ಲೇ ಆಗಬೇಕು. ಎರಡಕ್ಕೂ ಕಟ್ಟುವಷ್ಟು ಸಂಬಳ ನಮಗಿರಲಿಲ್ಲ.

ಸಂಘದ ಕಚೇರಿಗೆ ವಿಚಾರಿಸಲು ಹೋದಾಗ ಅಲ್ಲಿದ್ದ ಹೆಂಗಸು ಕನ್ನಡಕದ ಮೇಲಿಂದ ನೋಡಿ, ಮಗು ಬೇಕೆಂದಿದ್ದೀರಾ ಎಂದು ಕೇಳಿದಳು. ಬೇಕಿದ್ದರೆ ಈಗಲೇ ಸೇರಿ, ಸೇರಿ ಒಂಬತ್ತು ತಿಂಗಳು ತುಂಬಿದ ಮೇಲೆ ಆಗುವ ಹೆರಿಗೆಗೆ ಮಾತ್ರ ನಾವು ಕೊಡುವುದು ಎಂದಳು. ಅಕ್ಕಿ ಎಷ್ಟು ಸೇರು ಬೇಕು ಎಂದು ಕೇಳುವ ಶೆಟ್ಟರ ದನಿ ಅದು. ನನಗೆ ಕಿವಿಯೆಲ್ಲ ಬಿಸಿಯಾಯಿತು. ನಮ್ಮ ಕಡೆ ಬಸಿರು ನಿಂತು ಮೂರು ತಿಂಗಳಾಗುವವರೆಗೆ ಗಂಡನ ಮನೆಯವರಿಗೆ ಕೂಡ ಬಾಯಿಬಿಟ್ಟು ಹೇಳುವುದಿಲ್ಲ. ಹುಟ್ಟದ ಮಗುವಿಗೆ ಬಟ್ಟೆ ತಂದಿಡುವುದಿಲ್ಲ. ಇಲ್ಲಿ ನೋಡಿದರೆ ಬಸಿರೇ ಆಗದೆ, ಹೆರಿಗೆ ಎಲ್ಲಿ ಅಂತ ಹೇಳಬೇಕು. ಊರಿಗೆ ಹೋಗಿಬಂದು ಹೇಳುತ್ತೇನೆ ಎಂದು ಎದ್ದು ಬಂದೆ.

ಎಲ್ಲಿ ಎಂಬುದು ನಮ್ಮವರಲ್ಲಿ ಕೇಳುವ ಪ್ರಶ್ನೆಯೇ ಅಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಲ್ಲಿ ತಾಯಿಯ ಮನೆಯವರು ಬಂದು ಮಡಿಲು ತುಂಬಿ ಕರೆದುಕೊಂಡು ಹೋಗುತ್ತಾರೆ, ಬಾಣಂತನ ಮುಗಿಸಿ ಮಗುವಿನ ಜೊತೆ ಕಳಿಸುತ್ತಾರೆ. ಅದು ತಾಯಿಯ ಹಕ್ಕು, ಅವಳ ಹೆಚ್ಚುಗಾರಿಕೆ ಕೂಡ. ಆದರೆ ನಮ್ಮ ಮನೆಯಲ್ಲಿ ಆ ಕೆಲಸ ಒಂದು ಸಲ ಅರ್ಧಕ್ಕೇ ನಿಂತಿತ್ತು.

ನನಗೊಬ್ಬಳು ಅಕ್ಕ ಇದ್ದಳು. ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆಗೆ ಕೊಟ್ಟಿದ್ದೆವು. ನಾನು ಹೈಸ್ಕೂಲಿನಲ್ಲಿರುವಾಗ ಅವಳು ಹೆರಿಗೆಗೆಂದು ಮನೆಗೆ ಬಂದಳು. ದಿನ ತುಂಬುತ್ತಾ ಬಂದಾಗ ಕಾಲು ಊದಿಕೊಂಡಿತು ಅಂತ ಅವ್ವ ಅವಳನ್ನು ಕೆ.ಆರ್. ನಗರದ ಆಸ್ಪತ್ರೆಗೆ ಕರೆದೊಯ್ದಳು. ನಾನೂ ಹೋಗಿದ್ದೆ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಮಗು ಅಡ್ಡ ನಿಂತಿದೆ, ಹೆರಿಗೆಯಾಗುವವರೆಗೂ ಇಲ್ಲೇ ಇರಲಿ ಎಂದರು. ಅವ್ವ ಒಪ್ಪಲಿಲ್ಲ. ಆಸ್ಪತ್ರೆಗೆ ಸೇರುವವರು ಕಾಯಿಲೆಯವರು, ನನ್ನ ಮಗಳಿಗೆ ಏನಾಗಿದೆ, ಚೊಚ್ಚಲು ಮನೆಯಲ್ಲೇ ಆಗಬೇಕು ಎಂದು ಸಾಯಂಕಾಲದ ಬಸ್ಸಿಗೆ ವಾಪಸ್ಸು ಕರೆತಂದಳು. ನೋವು ಶುರುವಾದಾಗ ಊರಿನ ಸೂಲಗಿತ್ತಿ ತನ್ನ ಕೈಲಾದದ್ದೆಲ್ಲ ಮಾಡಿದಳು. ಆಗುವುದಿಲ್ಲ ಎಂದಾಗ ಗಾಡಿ ಕಟ್ಟಿದರು. ಹುಲ್ಲು ಹಾಸಿ ಕೌದಿ ಹಾಕಿ ಅಕ್ಕನನ್ನು ಮಲಗಿಸಿದರು. ನಾನು ಅವಳ ಪಾದ ಹಿಡಿದು ಕೂತಿದ್ದೆ, ಅವ್ವ ತಲೆ ಹಿಡಿದಿದ್ದಳು. ನಾಲೆಯ ಏರಿಯ ಮೇಲೆ ಹೋಗುತ್ತಿರುವಾಗ ಪಾದ ತಣ್ಣಗಾಯಿತು. ನಾನು ಹೇಳಲಿಲ್ಲ. ಅವ್ವನಿಗೂ ಗೊತ್ತಾಗಿತ್ತು, ಅವಳೂ ಹೇಳಲಿಲ್ಲ. ಗಾಡಿ ಹೊಡೆಯುತ್ತಿದ್ದ ಅಪ್ಪ ಎತ್ತುಗಳನ್ನು ಬೈದುಕೊಂಡು ಇನ್ನೂ ಓಡಿಸುತ್ತಲೇ ಇದ್ದರು.

ಮಗುವೂ ಉಳಿಯಲಿಲ್ಲ. ಅವ್ವನನ್ನು ಯಾರೂ ಏನೂ ಅನ್ನಲಿಲ್ಲ. ಅಪ್ಪ ಅನ್ನಲಿಲ್ಲ, ಊರೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಒಳ್ಳೆಯದಿತ್ತೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅವ್ವ ಅಲ್ಲಿಂದಾಚೆಗೆ ಯಾರ ಸೀಮಂತಕ್ಕೂ ಹೋಗಲಿಲ್ಲ. ಬಾಣಂತಿ ಇರುವ ಮನೆಯ ಮುಂದೆ ಹಾಯುವಾಗ ಸೆರಗು ಸರಿಮಾಡಿಕೊಂಡು ಬಿರಬಿರನೆ ನಡೆಯುತ್ತಿದ್ದಳು. ನಾನು ನರ್ಸ್ ಆದದ್ದು ಯಾಕೆ ಎಂದು ಅವಳು ಯಾವತ್ತೂ ಕೇಳಲಿಲ್ಲ.

ಆ ವರ್ಷ ರಜೆಗೆ ಬಂದಾಗ ಅವರೆಕಾಯಿಯ ಕಾಲ. ಪಿರಿಯಾಪಟ್ಟಣದ ಅತ್ತೆಯ ಮನೆಯಲ್ಲಿ ನಾಲ್ಕು ದಿನ ಇದ್ದು ಊರಿಗೆ ಹೋದೆವು. ಸೀಮೆ ಹಸುವಿನ ದೇಶದಿಂದ ಬಂದವಳು ಒಂದು ಕರುವನ್ನಾದರೂ ತರಬಾರದಾ ಎಂದು ಬೀದಿಯವರೆಲ್ಲ ತಮಾಷೆ ಮಾಡಿದರು. ಅವ್ವ ಪಡಸಾಲೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಹಿತುಕತೊಡಗಿದೆ. ಕೈ ಕೆಲಸದಲ್ಲಿದ್ದರೆ ಮಾತು ಸಲೀಸು ಎಂದುಕೊಂಡು ಹೇಳಿಯೇಬಿಟ್ಟೆ.

"ಅವ್ವ, ಅಲ್ಲಿ ಹೆರಿಗೆಗೆ ಇನ್ಶೂರೆನ್ಸ್ ಮಾಡಿಸ್ಬೇಕಂತೆ ಕಣವ್ವ. ಮೊದ್ಲೇ ಮಾಡಿಸ್ಬೇಕಂತೆ."

ಅವಳ ಕೈ ನಿಂತಿತು. "ಎರ್ಗೆಗೆ ಇನ್ಸೂರೆನ್ಸಾ?" ಎಂದಳು. ನನ್ನ ಮುಖ ನೋಡಿ, "ಆ ದುಡ್ಡು ಯಾರ್ಗೆ ಬತ್ತದೆ? ಅಳಿಯಂದಿರ್ಗಾ?" ಎಂದಳು.

ಅವಳು ಏನು ಕೇಳುತ್ತಿದ್ದಾಳೆಂದು ನನಗೆ ಹೊಳೆಯಲೇ ಇಲ್ಲ. ನಕ್ಕುಬಿಟ್ಟೆ. ಆಮೇಲೆ ನೆನಪಾಯಿತು. ನಮ್ಮೂರಿಗೆ ಇನ್ಶೂರೆನ್ಸ್ ಅಂದರೆ ಗೊತ್ತಿದ್ದದ್ದು ಒಂದೇ ಬಗೆ. ಸ್ಕೂಲು ಮೇಷ್ಟ್ರು ಜ್ವರದಲ್ಲಿ ತೀರಿಕೊಂಡಾಗ ಒಬ್ಬ ಏಜೆಂಟು ಸೈಕಲ್ಲಿನಲ್ಲಿ ಬಂದು, ಅವರ ಹೆಂಡತಿಯ ಕೈಗೆ ಚೆಕ್ ಕೊಟ್ಟು ಹೋಗಿದ್ದ. ಊರಿಗೂರೇ ನೆರೆದು ನೋಡಿತ್ತು. ಇನ್ಶೂರೆನ್ಸ್ ಅಂದರೆ ಸತ್ತವರ ಹೆಸರಿನಲ್ಲಿ ಬರುವ ದುಡ್ಡು. ಮಗಳು ಹೆರಿಗೆಯಲ್ಲಿ ಸತ್ತರೆ ಗಂಡನಿಗೆ ಎಷ್ಟು ಬರುತ್ತದೆ ಎಂದು ನಾನು ಲೆಕ್ಕ ಹಾಕಿಸಿಕೊಂಡು ಬಂದಿದ್ದೇನೆ ಎಂದು ಅವ್ವ ತಿಳಿದಿದ್ದಳು.

"ಸತ್ತೋರದ್ದಲ್ಲ ಕಣವ್ವ, ಬದುಕಿರೋರದ್ದು. ಆಸ್ಪತ್ರೆಗೆ, ಡಾಕ್ಟ್ರಿಗೆ ಕೊಡೋಕೆ" ಎಂದೆ ಗಾಬರಿಯಲ್ಲಿ.

"ಬಸ್ರೇ ಇಲ್ಲ, ಆಗ್ಲೇ ಡಾಕ್ಟ್ರುಗೆ ಮುಂಗಡ ಕೊಟ್ಟೀಯಾ? ಕಾಯ್ಲೆನ ಬಾ ಬಾ ಅಂತ ಕರ್ದಂಗಾಯ್ತದೆ ಕಣಮ್ಮಿ. ಬುಡು ಅತ್ಲಾಗೆ. ಇಲ್ಲಿ ಎರ್ಗೆ ಮಾಡ್ಸಕೆ ಯಾರ್ಗೆ ಕಾಸು ಕೊಡ್ಬೇಕು?"

"ಅದ್ನ ತಗೊಂಡ್ರೆ ಹೆರಿಗೆ ಅಲ್ಲೇ ಆಗ್ಬೇಕವ್ವ."

ಅವ್ವ ಮತ್ತೆ ಕಾಳಿಗೆ ಕೈ ಹಾಕಿದಳು. ಪಾತ್ರೆಯಲ್ಲಿದ್ದ ಕಾಳೆಲ್ಲ ಮುಗಿಯುವವರೆಗೆ ಹಿತುಕಿದಳು. ಕೈ ತೊಳೆದುಕೊಂಡು ಬಂದು ನನ್ನೆದುರು ನಿಂತಳು.

"ನನ್ ಕೈಗೆ ಬರಾಕೆ ಎದ್ರಿಕೆ ಅಲ್ವಾ ನಿಂಗೆ?"

ಅಕ್ಕನ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಇಲ್ಲ ಕಣವ್ವ ಎಂದೆ. ಅದು ಎಷ್ಟು ತಡವಾಗಿ, ಎಷ್ಟು ಸಣ್ಣ ದನಿಯಲ್ಲಿ ಬಂತೆಂದರೆ ನನ್ನ ಕಿವಿಗೇ ಸುಳ್ಳೆಂದು ಕೇಳಿಸಿತು.

ಆಮೇಲಿನ ದಿನಗಳಲ್ಲಿ ಅವ್ವ ನನ್ನನ್ನು ನೆಂಟರಂತೆ ನೋಡಿಕೊಂಡಳು. ಅಡುಗೆಮನೆಗೆ ಹೋದರೆ, ನೀನ್ಯಾಕೆ ಬಂದೆ, ಕೂಕೋ ಎನ್ನುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊರಡುವ ದಿನ ನನಗೆ ಮಡಿಲು ತುಂಬಬೇಕಾದಾಗ ಅವಳು ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಎಲ್ಲವನ್ನೂ ಜೋಡಿಸಿ, ಪಕ್ಕದ ಮನೆಯ ಚಿಕ್ಕಮ್ಮನನ್ನು ಕರೆದು, "ನೀನೇ ಹಾಕ್ಬುಡವ್ವ, ನನ್ ಕೈ ಬ್ಯಾಡ" ಎಂದಳು. ಚಿಕ್ಕಮ್ಮ ನನ್ನ ಮುಖ ನೋಡಿದರು. ನಾನು ಸೆರಗು ಒಡ್ಡಿದೆ. ಅಷ್ಟು ನೋವು ನನಗೆ ಯಾವ ಮಾತಿನಿಂದಲೂ ಆಗಿಲ್ಲ.

ಹಿಂತಿರುಗಿದ ಮೇಲೆ ನಮ್ಮನೆಯವರನ್ನು ಕೇಳಿದೆ. ನೀನು ನರ್ಸು, ನಿನಗೇ ಗೊತ್ತು ಎಂದರು. ಗಂಡಸರಿಗೆ ಇಂಥ ಹೊತ್ತಿನಲ್ಲಿ ಹೆಂಡತಿಯ ಓದಿನ ಮೇಲೆ ಎಲ್ಲಿಲ್ಲದ ಗೌರವ ಬರುತ್ತದೆ. ಎಷ್ಟೋ ದಿನ ಒದ್ದಾಡಿದೆ. ಪರದೇಶದವರ ವಿಮೆಯನ್ನೇ ಇಟ್ಟುಕೊಂಡರೆ ಏಳನೇ ತಿಂಗಳಿಗೆ ಊರಿಗೆ ಹೋಗಬಹುದು, ಅವ್ವ ಮತ್ತೆ ತಲೆ ಎತ್ತಿ ಊರಿನಲ್ಲಿ ಓಡಾಡುತ್ತಾಳೆ. ನನಗೆ ಏನೂ ಆಗದೆಯೂ ಇರಬಹುದು, ಊರಿನಲ್ಲಿ ಎಷ್ಟು ಜನ ಹೆತ್ತು ಸುಖವಾಗಿಲ್ಲ? ಇದೆಲ್ಲ ನಿಜವೇ. ಆದರೆ ಕಣ್ಣು ಮುಚ್ಚಿದರೆ ನಾಲೆಯ ಏರಿ. ಒಂದು ದಿನ ಡ್ಯೂಟಿ ಮುಗಿಸಿ ಸೀದಾ ಹೋಗಿ ಆ ಊರಿನ ಸಂಘಕ್ಕೆ ಸೇರಿಬಿಟ್ಟೆ. ಕನ್ನಡಕದ ಹೆಂಗಸು ಶುಭಾಶಯ ಹೇಳಿದಳು. ಅವ್ವನ ಕೈಯನ್ನು ತಳ್ಳಿ ಬಂದ ಹಾಗೆ ಅನ್ನಿಸಿ, ಬಸ್ಸಿನಲ್ಲಿ ನಾನು ಅತ್ತೆ.

ಮರುವರ್ಷ ಬಸುರಾದೆ. ಕೊನೆಯ ತಿಂಗಳಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಮಗು ಅಡ್ಡ ಇದೆ ಎಂದರು. ಅವರು ಹೇಳುವ ಮೊದಲೇ ನನ್ನ ಕೈಗೆ ಅದು ಗೊತ್ತಾಗಿತ್ತು. ತಿರುಗಿಸಲು ನೋಡಿದರು, ತಿರುಗಲಿಲ್ಲ. ಆಸ್ಪತ್ರೆಯಲ್ಲೇ ಇರಿಸಿಕೊಂಡು, ಒಂದು ದಿನ ಗೊತ್ತುಮಾಡಿ, ಆಪರೇಷನ್ ಮಾಡಿ ತೆಗೆದರು. ಹೆಣ್ಣು ಮಗು. ಎಚ್ಚರವಾದಾಗ ಎಲ್ಲರೂ ನಗುನಗುತ್ತಾ ಬಂದರು. ನನಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಇಷ್ಟು ಸುಲಭವಾ ಇದು ಎಂಬ ಸಿಟ್ಟು. ಅಕ್ಕನಿಗೆ ಬೇಕಾಗಿದ್ದದ್ದು ಒಂದು ಮಂಚ ಮತ್ತು ನಾಲ್ಕು ದಿನ ಅಷ್ಟೇ. ಮಗುವನ್ನು ಎದೆಯ ಮೇಲೆ ಇಟ್ಟರು, ಆಗ ಅಕ್ಕನಿಗಾಗಿ ಮೊದಲ ಬಾರಿಗೆ ಬಾಯಿಬಿಟ್ಟು ಅತ್ತೆ. ಪಕ್ಕದ ಮಂಚದವಳು ಅದನ್ನು ಸಂತೋಷವೆಂದುಕೊಂಡು ತಾನೂ ಕಣ್ಣೊರೆಸಿಕೊಂಡಳು.

ಊರಿಗೆ, ಹೆಣ್ಣು ಮಗು, ಇಬ್ಬರೂ ಸುಖ ಎಂದಷ್ಟೇ ತಂತಿ ಕೊಟ್ಟೆವು. ಅಡ್ಡ ನಿಂತದ್ದನ್ನಾಗಲಿ, ಆಪರೇಷನ್ನನ್ನಾಗಲಿ ನಾನು ತಿಳಿಸಲಿಲ್ಲ. ತಿಳಿಸಿದರೆ ಅದು ಅವ್ವನಿಗೆ ಹೊಡೆದ ಹಾಗೆ ಎಂದುಕೊಂಡೆ.

ಮಗು ತಪ್ಪು ಹೆಜ್ಜೆ ಇಡುವಾಗ ಊರಿಗೆ ಬಂದೆವು. ಅವ್ವ ಮೊಮ್ಮಗಳನ್ನು ಎತ್ತಿಕೊಂಡು ದೃಷ್ಟಿ ತೆಗೆದಳು, ಅಳಿಯನನ್ನು ವಿಚಾರಿಸಿಕೊಂಡಳು, ನನ್ನ ಜೊತೆ ಮಾತ್ರ ಅದೇ ಉಪಚಾರದ ಮಾತು. ಮಾರನೆಯ ಬೆಳಿಗ್ಗೆ ಬಚ್ಚಲಿನಿಂದ ಕೂಗಿದಳು.

"ನೀರು ಕಾಯ್ದದೆ, ಬಾ."

"ಮಗೂಗೆ ಆಗ್ಲೇ ಆಯ್ತಲ್ಲವ್ವ."

"ಮಗೀಗಲ್ಲ. ನಿಂಗೆ. ಬಾಣಂತನ ಮಾಡ್ಸ್ಕಂಡಿಯಾ ನೀನು?"

ಹೆರಿಗೆಯಾಗಿ ವರ್ಷದ ಮೇಲಾಗಿತ್ತು. ಆದರೂ ಹೋಗಿ ಮಣೆಯ ಮೇಲೆ ಕೂತೆ. ಅವ್ವ ಬಿಸಿ ಮಾಡಿದ ಹರಳೆಣ್ಣೆ ತಂದು ನೆತ್ತಿಗೆ ತಟ್ಟಿದಳು. ಬೆನ್ನು, ತೋಳು, ಕಾಲುಗಳಿಗೆಲ್ಲ ತೀಡಿದಳು. ಅವಳ ಕೈಯಲ್ಲಿ ಇನ್ನೂ ಶಕ್ತಿ ಇತ್ತು. ಹೊಟ್ಟೆಗೆ ಎಣ್ಣೆ ಹಚ್ಚುವಾಗ ಬೆರಳು ಹೊಲಿಗೆಯ ಗೆರೆಗೆ ಸಿಕ್ಕಿ ನಿಂತಿತು. ಹೊಕ್ಕುಳಿನಿಂದ ಕೆಳಗಿನವರೆಗೂ ಆ ಗೆರೆಯನ್ನು ಸವರಿದಳು.

"ಇದೇನಮ್ಮಿ?"

"ಕುಯ್ದು ತೆಗುದ್ರು ಅವ್ವ."

"ಯಾಕೆ?"

ಸುಳ್ಳು ಹೇಳಬಹುದಿತ್ತು. ರೋಗಿಗಳಿಗೆ ದಿನಾ ಹೇಳುವವಳು ನಾನು. ಯಾಕೋ ಆಗಲಿಲ್ಲ.

"ಅಡ್ಡ ನಿಂತಿತ್ತು" ಎಂದೆ.

ಅವ್ವ ಒದ್ದೆ ನೆಲದ ಮೇಲೇ ಕೂತುಬಿಟ್ಟಳು. ಒಲೆಯಲ್ಲಿ ಸೌದೆ ಉರಿಯುತ್ತಿತ್ತು. ಬಹಳ ಹೊತ್ತು ಕೈಯನ್ನು ಆ ಗೆರೆಯ ಮೇಲಿಂದ ತೆಗೆಯಲಿಲ್ಲ.

"ಡಾಕ್ಟ್ರಮ್ಮ ಇಲ್ಲೇ ಇರ್ಲಿ ಅಂದಿದ್ರು" ಎಂದಳು. "ನಾನೇ ಕರ್ಕಂಡ್ ಬಂದೆ."

ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ನಿನಗೇನು ಗೊತ್ತಿತ್ತವ್ವ ಎಂದು ನಾನು ಶುರುಮಾಡಿದೆ. ಸುಮ್ಕಿರು ಎಂದಳು. ಸೆರಗಿನಲ್ಲಿ ಮೂಗು ಒರೆಸಿಕೊಂಡು, ನನ್ನನ್ನು ಕುಯ್ದ ಆ ಗುರುತಿಲ್ಲದ ಡಾಕ್ಟರಿಗೆ, "ಅವ್ರ್ ವಟ್ಟೆ ತಣ್ಣಗಿರ್ಲಿ" ಎಂದು ಕೈ ಮುಗಿದಳು.

ಆಗ ನನಗೂ ಧೈರ್ಯ ಬಂತು. "ಅವ್ವ, ಅವತ್ತು ಇಲ್ಲ ಅಂದೆ. ಎದ್ರಿಕೆ ಇತ್ತು ನಂಗೆ. ನಿನ್ ಕೈಗೇ ಎದ್ರಿದ್ದೆ" ಎಂದೆ.

"ಗೊತ್ತು ಕಣಮ್ಮಿ" ಎಂದಳು ಅವ್ವ. ಚೊಂಬನ್ನು ಹಂಡೆಗೆ ಅದ್ದಿ, ನೀರಿನ ಬಿಸಿ ಹದವಾಗಿದೆಯೇ ಎಂದು ಕೈಗೆ ಹುಯ್ದು ನೋಡಿಕೊಂಡಳು. "ಸಿಟ್ಟು ಬಂದಿತ್ತು ನಿಜ. ಆದ್ರೆ ನಾನೂ ಎದ್ರಿದ್ದೆ. ಆ ಇನ್ಸೂರೆನ್ಸು ಬುಟ್ಬುಟ್ಟು ನೀ ಎಲ್ಲಿ ನನ್ ಮಾತ್ ಕೇಳಿ ಬಂದ್ಬುಡ್ತೀಯೋ ಅಂತ ದಿನಾ ಎದ್ರಿದ್ದೆ."