ಅಕ್ಕನಿಗೆ ಮುಟ್ಟದ ಹ್ಞೂಂ

ನಮ್ಮ ಕಡೆ ಹಿರಿಯರು ಮಾತಾಡುತ್ತಿದ್ದರೆ ಕೇಳುವವರು ನಡುನಡುವೆ ಹ್ಞೂಂ ಅನ್ನಬೇಕು. ಅನ್ನದಿದ್ದರೆ ನಿದ್ದೆ ಬಂದಿದೆ, ಇಲ್ಲವೇ ಸಿಟ್ಟು ಬಂದಿದೆ ಎಂದೇ ಲೆಕ್ಕ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಥೆ ಕೇಳುತ್ತ ನಾನೂ ಅಕ್ಕನೂ ಕಲಿತದ್ದು ಇದನ್ನೇ.

ನನ್ನ ಹೆಂಡತಿ ತೀರಿಕೊಂಡ ಮೇಲೆ ಅಕ್ಕ ತನ್ನ ಗಂಡನ ಊರು ಹಲವಾಗಲಿನಿಂದ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಮಣ್ಣಿಗೆ ಅವಳು ಬಂದಿರಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು.

ಕೊಟ್ಟೂರಿನ ನಮ್ಮ ಮನೆಯದು ದಪ್ಪ ಕಲ್ಲಿನ ಗೋಡೆ, ಒಳಗೆ ಟವರ್ ಸಿಗುವುದಿಲ್ಲ. ಅದಕ್ಕೆ ಕರೆಗಳೂ ವೈಫೈ ಮೇಲೆಯೇ ಬರುವಂತೆ ಮಾಡಿಕೊಂಡಿದ್ದೆವು. ಹೆಂಡತಿ ಇದ್ದಾಗ ಚೆನ್ನಾಗಿಯೇ ನಡೆದಿತ್ತು. ಈಗ ಅಕ್ಕನ ದನಿ ನನಗೆ ಕೇಳುತ್ತಿತ್ತು, ನನ್ನದು ಅವಳಿಗೆ ಮುಟ್ಟುತ್ತಿರಲಿಲ್ಲ.

"ಮಣ್ಣಿಗೆ ಬರ್ಲಿಲ್ಲಂತ ಸಿಟ್ಟೈತೇನೋ ತಮ್ಮಾ?" ಎಂದು ಒಂದು ಸಂಜೆ ಕೇಳಿದಳು.

"ಇಲ್ಲಕ್ಕ," ಎಂದೆ.

"ಹ್ಞೂಂ ಅಂತನೂ ಅನ್ನವಲ್ಲಿ. ಆತು ಬಿಡಪ್ಪಾ, ಇನ್ನ ಮಾಡಂಗಿಲ್ಲ."

ಮರುದಿನ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಅಳು ಬರಬೇಕಿತ್ತು, ಬರಲಿಲ್ಲ. ಆಗೆಲ್ಲ ಉಪ್ಪಿಲ್ಲದ ಸಾರನ್ನೂ ಗೊತ್ತಾಗದೆ ಉಂಡು ಏಳುತ್ತಿದ್ದೆ.

ವೈಫೈ ಡಬ್ಬಿ ಬಂದ್ ಮಾಡಿ ಮತ್ತೆ ಹಾಕಿದೆ. ಫೋನನ್ನೂ ಹಾಗೇ ಮಾಡಿದೆ. ಏನೂ ಆಗದೆ, ಎದುರು ಮನೆಯ ಬೈಕ್ ಮೆಕ್ಯಾನಿಕನನ್ನು ಕರೆದೆ. ಅವನು ಹೊರಗೆ ಕಟ್ಟೆಯ ಮೇಲೆ ಕೂತು ನನಗೆ ಫೋನ್ ಹಚ್ಚಿದ.

"ಮಾತಾಡ್ರಿ ಕಾಕಾ."

"ಏನು ಮಾತಾಡ್ಲಿ?"

"ಗಾಡಿ ಎಲ್ಲಿ ಬಂದ್ ಬೀಳ್ತೈತಿ ಅಂತ ಓಡ್ಸೇ ನೋಡಬೇಕ್ರಿ. ಬೇಕಾದ್ರ ನನ್ನ ಬೈರಿ."

ಬೈದೆ. ಅವನ ನಗು ಕೇಳಿತು. ಬೈಯುತ್ತ ಇದ್ದಂತೆ ಅವನೆಂದ: "ಕಾಕಾ, ಬೈಯಾಕತ್ತೀರೋ, ಸುಮ್ನ ಉಸುರು ಬಿಡಾಕತ್ತೀರೋ?"

ಅವನು ಒಳಗೆ ಬಂದು ನೋಡಿದರೆ ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ.

"ಡಬ್ಬಿ ಪಡಸಾಲ್ಯಾಗೈತಿ, ನೀವು ಇಲ್ಲಿಗೆ ಬಂದೀರಿ. ಇಲ್ಲಿ ಫೋನು ವೈಫೈ ಬಿಡವಲ್ದು, ಟವರ್ ಹಿಡೀವಲ್ದು. ಡಬ್ಬೀದು ಇಲ್ಲೀತನ ಬರ್ತೈತಿ, ನಿಮ್ಮ ಫೋನಿಂದು ಅಲ್ಲೀತನ ಮುಟ್ಟವಲ್ದು. ಫೋನ್ ಬಂದ ಕೂಡ್ಲೆ ಯಾಕ ಏಳ್ತೀರಿ?"

ಏಳುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಪಡಸಾಲೆಯಲ್ಲಿ ಡಬ್ಬಿಯ ಕೆಳಗೇ ಹೆಂಡತಿಯ ಮಂಚವಿತ್ತು. ಅವನು ಮಂಚದ ಕಡೆ ನೋಡಿದ, ದನಿ ಇಳಿಸಿದ.

"ವೈರ್ ಗಿಡ್ಡೈತ್ರಿ, ಡಬ್ಬಿ ಜರುಗಂಗಿಲ್ಲ. ನೀವ ಕುಂದ್ರಬೇಕು."

ಆಮೇಲೆ ನನ್ನಿಂದ ನಂಬರ್ ಇಸಿದುಕೊಂಡು, ಹೊರಗೆ ಕಟ್ಟೆಗೆ ಹೋಗಿ ತನ್ನ ಫೋನಿನಿಂದ ಅಕ್ಕನಿಗೆ ಹಚ್ಚಿದ. "ಅಮ್ಮಾ, ನಿಮ್ಮ ತಮ್ಮ ಸಿಟ್ಟಾಗಿಲ್ರಿ, ವೈಫೈ ಬಿಟ್ಟು ದೂರ ಓಡ್ಯಾಡಾಕತ್ತಾರ, ಅದಕ್ಕ ದನಿ ಮುಟ್ಟವಲ್ದು. ಈಗ ಮಾಡ್ತಾರ, ಎತ್ರಿ."

ಅವನು ಹೋದ ಮೇಲೆ ಮಂಚದ ತುದಿಗೆ ಕೂತು ಫೋನ್ ಮಾಡಿದೆ.

"ಅದಿಯೇನೋ?" ಎಂದಳು ಅಕ್ಕ.

"ಹ್ಞೂಂ."

"ನಿನ್ನ ವೈಫೈಗೆ ಬೆಂಕಿ ಹಚ್ಚ," ಎಂದಳು. ಆಮೇಲೆ, "ಕಡೀಕ ಏನಂದ್ಲೋ ಆಕಿ?"

ಅದನ್ನು ನನಗೆ ಯಾರೂ ಕೇಳಿರಲಿಲ್ಲ.

"ಹಾಲು ಉಕ್ಕತೈತಿ, ಇಳಿಸ್ರಿ ಅಂದ್ಲು."

"ಇಳಿಸಿದಿ?"

"ಇಳಿಸಿ ಬರೋದ್ರಾಗ..."

ಅಕ್ಕ ಮೂಗು ಒರೆಸಿಕೊಂಡ ಸದ್ದು ಸರಿಯಾಗಿ ಕೇಳಿತು.

"ನಾಳಿ ಸಂಜಿಗೆ ಮಾಡ್ತೀನಿ. ಏಳಬ್ಯಾಡ, ಅಲ್ಲೇ ಕುಂದ್ರು," ಎಂದಳು.