ಅಭ್ಯಾಸ: ಯಾವುದೂ ಇಲ್ಲ

ಮೊದಲು ನಡುಗಿದ್ದು ಸೀನನ ಬಲಗೈ. ಬೆಳಿಗ್ಗೆ ಪೂಜೆ ಮುಗಿಸಿ ತೀರ್ಥ ಕೊಡುವಾಗ ಉದ್ಧರಣೆಯ ನೀರು ಅಮ್ಮನ ಅಂಗೈಗೆ ಬೀಳದೆ ಸೀರೆಯ ಮೇಲೆ ಚೆಲ್ಲಿತು. "ನರದ ವೀಕ್ನೆಸ್ಸು," ಎಂದಳು ಅಮ್ಮ. ಸೀನ ನನ್ನ ತಮ್ಮ, ಕುಡತಿನಿಯಲ್ಲಿ ಗುಮಾಸ್ತ. ಹತ್ತು ವರ್ಷದಿಂದ ಕುಡಿಯುತ್ತಿದ್ದ. ನನಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು. ಗೊತ್ತಿದೆ ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಅಷ್ಟೆ.

ಅದೇ ವಾರ ರಕ್ತ ವಾಂತಿ.

ಬಳ್ಳಾರಿಯಲ್ಲೇ, ಮನೆಗೆ ಹತ್ತಿರದ ಆಸ್ಪತ್ರೆಗೆ ಓಡಿದೆವು. ಕುಡಿತ, ಸಿಗರೇಟು ಏನಾದರೂ ಇದೆಯೇ ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ನಾವು ಆಚಾರವಂತರು ರೀ. ನಮ್ಮ ಮನ್ಯಾಗ ಉಳ್ಳಾಗಡ್ಡಿ ಸೈತ ತರಂಗಿಲ್ಲ," ಎಂದಳು. 'ಅಭ್ಯಾಸ: ಯಾವುದೂ ಇಲ್ಲ' ಎಂದು ಫೈಲಿಗೆ ಏರಿತು. ನಾನು ಹೈಸ್ಕೂಲು ಟೀಚರ್. ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವವಳು. ಅಲ್ಲಿ ಸುಮ್ಮನೆ ತಲೆಯಾಡಿಸಿದೆ.

ಎರಡನೇ ಸಲ ಹೊಟ್ಟೆನೋವು. ಅದೇ ಆಸ್ಪತ್ರೆ ಬೇಡವೆಂದಳು ಅಮ್ಮ. ಮಠದಲ್ಲಿ ಸಿಗುವವರೊಬ್ಬರ ಸೊಸೆ ಅಲ್ಲಿ ಕೆಲಸಕ್ಕಿದ್ದಳಂತೆ. ಕುರುಗೋಡಿಗೆ ಹೋದೆವು. ಮೂರನೇ ಸಲ ಸಿರುಗುಪ್ಪ. ಅಷ್ಟು ದೊಡ್ಡ ಆಸ್ಪತ್ರೆಗಳಿರುವ ಬಳ್ಳಾರಿಯನ್ನು ಬಿಟ್ಟು, ಬಾಡಿಗೆ ಕಾರಿನಲ್ಲಿ, ಅವನ ಬಾಯಿಯ ಕೆಳಗೆ ಬಕೆಟ್ ಹಿಡಿದುಕೊಂಡು, ಒಂದು ತಾಸಿಗೂ ಮೀರಿದ ದಾರಿ. ಜನ ಒಳ್ಳೆಯ ಡಾಕ್ಟರನ್ನು ಹುಡುಕುತ್ತಾರೆ. ನಾವು ಗುರುತಿಲ್ಲದ ಡಾಕ್ಟರನ್ನು ಹುಡುಕುತ್ತಿದ್ದೆವು. ಪ್ರತಿ ಊರಿನಲ್ಲೂ ಹೊಸ ಫೈಲು, ಪ್ರತಿ ಫೈಲಿನಲ್ಲೂ ಅದೇ ಸಾಲು. ನೋವು ಸ್ವಲ್ಪ ಇಳಿಯುತ್ತಲೇ ಸೀನ ಡಿಸ್ಚಾರ್ಜ್‌ಗೆ ಹಟ ಹಿಡಿಯುತ್ತಿದ್ದ. ಎಲ್ಲಿಗೆ ಹೋಗುವ ಅವಸರವೆಂದು ಮೂವರಿಗೂ ಗೊತ್ತಿತ್ತು.

ನಾಲ್ಕನೇ ಸಲ ಮತ್ತೆ ಬಳ್ಳಾರಿ, ಬೇರೆ ಆಸ್ಪತ್ರೆ, ಫೈಲಿನಲ್ಲಿ ಅದೇ ಸಾಲು. ಪ್ಯಾಂಕ್ರಿಯಾಟೈಟಿಸ್, ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರು. ಈ ಸಲ ಎದ್ದು ಹೋಗುವ ಶಕ್ತಿ ಅವನಿಗಿರಲಿಲ್ಲ.

ಮೂರನೆಯ ದಿನ ಅವನಿಗೆ ನನ್ನ ಗುರುತು ಸಿಗಲಿಲ್ಲ.

ಹಾಸಿಗೆಯ ತುಂಬ ಇರುವೆ ಹರಿಯುತ್ತಿವೆ ಎಂದು ಕೊಡವುತ್ತಿದ್ದ. ಡ್ರಿಪ್ ಕಿತ್ತೆಸೆದ. ಮೈಯೆಲ್ಲ ಬೆವರಿ ತೊಪ್ಪೆ. ಕೈಗಳನ್ನು ಮಂಚಕ್ಕೆ ಕಟ್ಟಿದರು. ಮೆದುಳಿಗೆ ಸೋಂಕು ತಗುಲಿರಬಹುದು, ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಬೇಕು ಎಂದು ಡ್ಯೂಟಿ ಡಾಕ್ಟರು ಸಹಿಗೆ ಕಾಗದ ಚಾಚಿದರು. ಪಾಪ, ಅವರು ಫೈಲನ್ನು ನಂಬಿದ್ದರು.

"ಕುಡೀತಾನ್ರಿ," ಎಂದೆ. "ಹತ್ತು ವರ್ಷ ಆತು. ದಿನಾ. ಇಲ್ಲಿಗೆ ಬಂದ ಮ್ಯಾಲೆ ಒಂದು ಹನಿ ಇಲ್ಲ."

ದನಿ ಜೋರಾಗಿಯೇ ಬಂದಿತ್ತು. ವಾರ್ಡೆಲ್ಲ ತಿರುಗಿ ನೋಡಿತು.

"ಟೀಚರ್ ಅಂತೀರಿ, ಇದನ್ನ ಇವತ್ತ ಹೇಳೋದೇನ್ರಿ?" ಎಂದರು ಡಾಕ್ಟರು. ಇದು ಕುಡಿತ ಒಮ್ಮೆಲೇ ನಿಂತಾಗ ಬರುವ ವಿತ್‌ಡ್ರಾವಲ್, ಜೀವಕ್ಕೇ ಅಪಾಯ ಎಂದು ಹೇಳಿ ಇಂಜೆಕ್ಷನ್ ಶುರು ಮಾಡಿಸಿದರು. ಅಮ್ಮ ನನ್ನ ರಟ್ಟೆ ಹಿಡಿದು, "ಇಷ್ಟ್ ಮಂದಿ ಮುಂದ ಮರ್ಯಾದಿ ಕಳದಿ," ಎಂದಳು.

"ಇವನ ಹೋದ್ರ ಆ ಮರ್ಯಾದಿ ಇಟ್ಕೊಂಡು ಏನ್ ಮಾಡ್ತಿ, ಅಮ್ಮಾ?"

ಅವಳು ರಟ್ಟೆ ಬಿಟ್ಟು ವಾರ್ಡಿನ ಹೊರಗಿನ ಬೆಂಚಿಗೆ ಹೋಗಿ ಕೂತಳು. ಐದನೆಯ ದಿನ ಸೀನ ಕಣ್ಣು ಬಿಟ್ಟು, "ಅಕ್ಕಾ, ಕೈ ಯಾಕ ಕಟ್ಟೀರಿ?" ಎಂದ. ನಾನು ಅತ್ತೆ. ಸಂತೋಷಕ್ಕೂ ಅತ್ತೆ, ಸಿಟ್ಟಿಗೂ ಅತ್ತೆ.

ಅಲ್ಲಿಗೆ ಎಲ್ಲ ಗುಣವಾಯಿತೆಂದು ಬರೆಯುವ ಆಸೆ ನನಗೂ ಇದೆ. ಮೂರು ತಿಂಗಳು ಮಾತ್ರೆ, ಕೌನ್ಸೆಲಿಂಗ್ ನಡೆಯಿತು. ಹೋದ ತಿಂಗಳು ಮತ್ತೆ ಕುಡಿದ. ಒಂದು ವಾರ ನಿಲ್ಲಿಸಲೇ ಇಲ್ಲ. ವಾಂತಿ ಶುರುವಾದಾಗ ಅಮ್ಮ, "ಕಾರ್ ಮಾಡ್ಸು, ಹೊಸಪ್ಯಾಟಿಗೆ ಹೋಗೂಣು," ಎಂದಳು. ನಾನು ಆಟೋ ಕರೆದು ಅದೇ ಆಸ್ಪತ್ರೆಯ ಹೆಸರು ಹೇಳಿದೆ.

"ಮತ್ತ ಬಂದ್ರೇನ್ರಿ ಟೀಚರ್?" ಎಂದಳು ಕ್ಯಾಶುವಾಲ್ಟಿಯ ನರ್ಸ್. ನಾಚಿಕೆಯಾಯಿತು. ಸಮಾಧಾನವೂ ಆಯಿತು, ಅದನ್ನು ಒಪ್ಪಿಕೊಳ್ಳಬೇಕು. ಅವಳು ಹಳೆಯ ಫೈಲು ತರಿಸಿ, ಪೆನ್ನು ತೆಗೆದು, "ಕಡೀ ಸಲ ಕುಡದದ್ದು ಯಾವಾಗ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಹಿಂದಿನ ದಿನವೆಲ್ಲ ನಾನು ಶಾಲೆಯಲ್ಲಿದ್ದೆ.

"ನಿನ್ನಿ ಮಧ್ಯಾಹ್ನ ಮೂರಕ್ಕ," ಎಂದಳು ಅಮ್ಮ. "ದೇವರ ಮನಿ ಹಿಂದ ಕುಂತು ಕುಡದ. ಅರ್ಧ ಬಾಟ್ಲಿ. ನಾನ ನೋಡೀನಿ, ಬರಕೋರಿ."